ಟೆನಿಸ್ ರ‍್ಯಾಕೆಟ್‌ನ ತೂಕ, ಬ್ಯಾಲೆನ್ಸ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕೋರ್ಟ್‌ಗಳಲ್ಲಿ ನಿಯಮಿತವಾಗಿ ಆಡುವವರು ಗಟ್ಟಿಂಗ್ (ದಾರ ಕಟ್ಟಿಸುವುದು) ಮಾಡಿಸಲು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ರೀತಿ ಹೇಳದ ಕಡೆಯೆಲ್ಲ ಲೆಕ್ಕ 27 ಇಂಚು ಉದ್ದದ, ಗಟ್ಟಿಂಗ್ ಆಗಿರುವ, ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ) ಸುತ್ತಿರುವ ರ‍್ಯಾಕೆಟ್‌ನದು. ದೂರವನ್ನೆಲ್ಲ ಹಿಡಿಯ ಬುಡದಿಂದ, ಅಂದರೆ ಬಟ್ ಕ್ಯಾಪ್‌ನ ತುದಿಯಿಂದ ಅಳೆದಿದೆ.

ತೂಕ, ಬ್ಯಾಲೆನ್ಸ್, ಸ್ವಿಂಗ್‌ವೇಟ್: ಇವುಗಳಲ್ಲಿ ಯಾವುದು ಮುಖ್ಯ?

ತಕ್ಕಡಿ ತೋರಿಸುವುದು ತೂಕ. ರ‍್ಯಾಕೆಟ್ ಅತ್ತ ಇತ್ತ ವಾಲದೆ ಮಟ್ಟವಾಗಿ ನಿಲ್ಲುವ ಜಾಗ ಬುಡದಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ ಅನ್ನುವುದು ಬ್ಯಾಲೆನ್ಸ್. ಬೀಸುವಾಗ ಅದನ್ನು ತಿರುಗಿಸಲು ಎಷ್ಟು ಕಷ್ಟವಾಗುತ್ತದೆ ಅನ್ನುವುದರ ಅಳತೆ ಸ್ವಿಂಗ್‌ವೇಟ್. ಬುಡದಿಂದ 10 ಸೆಂ.ಮೀ. ಮೇಲಿನ ಬಿಂದುವನ್ನು ಅಕ್ಷ ಮಾಡಿಕೊಂಡು ಇದನ್ನು ಲೆಕ್ಕ ಹಾಕುತ್ತಾರೆ (ಮಾನ: ಕೆ.ಜಿ. × ಚದರ ಸೆಂ.ಮೀ.).

ಆಟದಲ್ಲಿ ಕೈಗೆ ಗೊತ್ತಾಗುವುದು ಹೆಚ್ಚಾಗಿ ಸ್ವಿಂಗ್‌ವೇಟ್. ಅಂಗಡಿಯಲ್ಲಿ ನಿಂತು ಎತ್ತಿ ನೋಡಿದಾಗ ಗೊತ್ತಾಗುವುದು ತೂಕ ಮತ್ತು ಬ್ಯಾಲೆನ್ಸ್. ಅಂಗಡಿಯಲ್ಲಿ ಹಗುರ ಅನಿಸಿದ ರ‍್ಯಾಕೆಟ್ ಎರಡನೇ ಸೆಟ್ ಹೊತ್ತಿಗೆ ಭಾರ ಅನಿಸುವುದು ಇದಕ್ಕೇ. ತೂಕ, ಬ್ಯಾಲೆನ್ಸ್ ಎರಡೂ ಒಂದೇ ಇರುವ ಎರಡು ರ‍್ಯಾಕೆಟ್‌ಗಳ ಸ್ವಿಂಗ್‌ವೇಟ್ ಬೇರೆ ಬೇರೆ ಇರಬಹುದು: ಒಂದರಲ್ಲಿ ಭಾರ ಎರಡೂ ತುದಿಗೆ ಹಂಚಿರುತ್ತದೆ, ಇನ್ನೊಂದರಲ್ಲಿ ನಡುವೆ ಕೂತಿರುತ್ತದೆ. ಹಾಗಾಗಿ ಬ್ಯಾಲೆನ್ಸ್ ಸಂಖ್ಯೆಯನ್ನೇ ಗುರಿ ಮಾಡಿಕೊಂಡು ಹೊರಡಬೇಡಿ.

ಫ್ರೇಮಿನ ಮೇಲೆ 300 ಗ್ರಾಂ ಅಂತ ಬರೆದಿದೆ. ತಕ್ಕಡಿ 320ಕ್ಕಿಂತ ಹೆಚ್ಚು ತೋರಿಸುತ್ತದೆ. ಯಾವುದು ಸರಿ?

ಎರಡೂ ಸರಿ. ಕಂಪನಿಗಳು ಸಾಮಾನ್ಯವಾಗಿ ಅಚ್ಚು ಹಾಕುವುದು ಗಟ್ಟಿಂಗ್ ಇಲ್ಲದ ಬರೀ ಫ್ರೇಮಿನ ತೂಕ. ಬಾಬೊಲಾಟ್ ಪ್ಯೂರ್ ಡ್ರೈವ್‌ನ 300 ಗ್ರಾಂ, 32 ಸೆಂ.ಮೀ. ಅಂಥ ಸಂಖ್ಯೆ. ಅದರ ಮೇಲೆ ಗಟ್ಟಿಂಗ್ 15ರಿಂದ 18 ಗ್ರಾಂ, ಓವರ್‌ಗ್ರಿಪ್ ಸುಮಾರು 5 ಗ್ರಾಂ, ಡ್ಯಾಂಪನರ್ (ನಡುಕ ತಗ್ಗಿಸಲು ದಾರಗಳ ನಡುವೆ ಸಿಕ್ಕಿಸುವ ತುಂಡು) 2–3 ಗ್ರಾಂ ಸೇರುತ್ತದೆ. ಗಟ್ಟಿಂಗ್ ಒಂದೇ ಬ್ಯಾಲೆನ್ಸನ್ನು ತಲೆಯ, ಅಂದರೆ ದಾರ ಕಟ್ಟಿದ ಭಾಗದ ಕಡೆಗೆ ಸುಮಾರು 1 ಸೆಂ.ಮೀ. ಎಳೆಯುತ್ತದೆ, ಸ್ವಿಂಗ್‌ವೇಟ್ ಸುಮಾರು 30 ಏರಿಸುತ್ತದೆ. ಒಂದೇ ಮಾದರಿಯ ಎರಡು ಹೊಸ ರ‍್ಯಾಕೆಟ್‌ಗಳ ನಡುವೆ ಕೆಲವು ಗ್ರಾಂ ವ್ಯತ್ಯಾಸ ಇರುವುದೂ ಮಾಮೂಲಿ.

ಭಾರದ ರ‍್ಯಾಕೆಟ್ ಎಂದರೆ ತಲೆಭಾರದ್ದು ಅಂದುಕೊಳ್ಳಬೇಡಿ. ವಿಲ್ಸನ್ ಕಂಪನಿಯ ಫೆಡರರ್ ಹೆಸರಿನ ಪ್ರೊ ಸ್ಟಾಫ್ ಆರ್‌ಎಫ್97 ಬರೀ ಫ್ರೇಮೇ 340 ಗ್ರಾಂ. ಆದರೆ ಅದರ ಬ್ಯಾಲೆನ್ಸ್ 30.5 ಸೆಂ.ಮೀ., ಭಾರವೆಲ್ಲ ಹಿಡಿಯ ಕಡೆಗೆ.

‘4 ಪಾಯಿಂಟ್ ಹೆಡ್ ಲೈಟ್’ ಅಂದರೆ ಎಷ್ಟು ಸೆಂಟಿಮೀಟರ್?

ಹೆಡ್ ಲೈಟ್ ಅಂದರೆ ಬ್ಯಾಲೆನ್ಸ್ ಸರಿ ಮಧ್ಯಕ್ಕಿಂತ ಹಿಡಿಯ ಕಡೆಗಿದೆ ಅಂತ. ಒಂದು ಪಾಯಿಂಟ್ ಅಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿ.ಮೀ. 27 ಇಂಚಿನ ರ‍್ಯಾಕೆಟ್‌ನ ಸರಿ ಮಧ್ಯ 34.3 ಸೆಂ.ಮೀ. ಅಲ್ಲಿಂದ ಹಿಡಿಯ ಕಡೆ ನಾಲ್ಕು ಪಾಯಿಂಟ್ ಬಂದರೆ 33 ಸೆಂ.ಮೀ.

ತೂಕ ಸೇರಿಸಲೇಬೇಕು ಅನ್ನುವುದು ಹೇಗೆ ಗೊತ್ತಾಗುತ್ತದೆ?

ಗಟ್ಟಿಂಗ್ ಸರಿಯಿದ್ದೂ ಈ ಲಕ್ಷಣ ಕಂಡರೆ ನೋಡಬಹುದು: ಎದುರಾಳಿಯ ಜೋರಾದ ಸರ್ವ್ ತಡೆಯುವಾಗ ರ‍್ಯಾಕೆಟ್ ಕೈಯಲ್ಲೇ ತಿರುಗುತ್ತದೆ, ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ಹೊಡೆತ) ಹೊಡೆದರೆ ಚೆಂಡು ನೆಟ್ ದಾಟುವಷ್ಟೂ ಭಾರ ಹೋಗುವುದಿಲ್ಲ, ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ತಾಗಿದ ಹೊಡೆತಗಳೆಲ್ಲ ಅರ್ಧ ಕೋರ್ಟಿಗೇ ಬಿದ್ದುಬಿಡುತ್ತವೆ.

ಫೋರ್‌ಹ್ಯಾಂಡ್ ತಡವಾಗುತ್ತಿದೆ, ಸರ್ವ್‌ನಲ್ಲಿ ಭುಜ ಸೋಲುತ್ತಿದೆ ಅಂದರೆ ನಿಮಗೆ ಬೇಕಿರುವುದು ತೂಕ ಕಡಿಮೆ ಮಾಡುವುದು. ಗಟ್ಟಿಂಗ್ ಹಾಕಿಸಿ ಆರು ತಿಂಗಳಾಗಿದೆಯಾ? ಮೊದಲು ಅದನ್ನು ಬದಲಿಸಿ. ಸತ್ತ ಪಾಲಿಯೆಸ್ಟರ್ ದಾರದ ದೋಷವನ್ನು ತೂಕ ಏರಿಸಲು ಫ್ರೇಮಿಗೆ ಅಂಟಿಸುವ ಸೀಸದ ಪಟ್ಟಿ (ಲೆಡ್ ಟೇಪ್) ಸರಿಮಾಡುವುದಿಲ್ಲ. ಟೂರ್ನಿಯ ಹಿಂದಿನ ವಾರ, ಅದರಲ್ಲೂ ದಸರಾ ಸಮಯದ ಪಂದ್ಯಗಳ ಹೊಸ್ತಿಲಲ್ಲಿ, ಈ ಕೆಲಸಕ್ಕೆ ಕೈಹಾಕಲೇಬೇಡಿ.

ಯಾವ ಸಾಮಾನು ಬೇಕು?

0.1 ಗ್ರಾಂವರೆಗೆ ತೋರಿಸುವ, 500 ಗ್ರಾಂ ತಡೆಯುವ ಪುಟ್ಟ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿಗಳು ಸಾಮಾನ್ಯವಾಗಿ 200 ಗ್ರಾಂಗೇ ನಿಲ್ಲುತ್ತವೆ. ಅವು ಲೆಡ್ ಟೇಪ್ ತೂಗಲು ಸರಿ, ರ‍್ಯಾಕೆಟ್‌ಗೆ ಆಗುವುದಿಲ್ಲ. ಟೈಲರ್ ಟೇಪು ಹಿಗ್ಗುತ್ತದೆ, ಅದರ ಬದಲು ಸ್ಟೀಲ್ ಟೇಪು ಅಥವಾ ಉದ್ದನೆಯ ಸ್ಕೇಲು ಇರಲಿ. ಜೊತೆಗೆ ಒಂದು ಕತ್ತರಿ (ಅಡುಗೆಮನೆಯದಲ್ಲ), ಸ್ಪಿರಿಟ್, ಹತ್ತಿ, ಪಾರದರ್ಶಕ ಟೇಪ್, ಪೆನ್ಸಿಲ್ ಮತ್ತು ನೋಟ್‌ಬುಕ್. ಪಟ್ಟಿಯಲ್ಲಿ ಜನ ಬಿಡುವುದು ನೋಟ್‌ಬುಕ್ಕನ್ನೇ. ತಿಂಗಳಾದ ಮೇಲೆ ಏನು ಎಲ್ಲಿ ಅಂಟಿಸಿದ್ದು ಅಂತ ನೆನಪಿರುವುದಿಲ್ಲ.

ಚಿಕ್ಕ ತಕ್ಕಡಿಯ ತಟ್ಟೆಯ ಮೇಲೆ ರ‍್ಯಾಕೆಟ್ ನಿಲ್ಲುವುದಿಲ್ಲ. ಅಗಲ ಬಾಯಿಯ ಸ್ಟೀಲ್ ಲೋಟವನ್ನು ಬೋರಲು ಹಾಕಿ, ತಕ್ಕಡಿಯನ್ನು ಸೊನ್ನೆಗೆ ತಂದು, ಅದರ ಮೇಲೆ ರ‍್ಯಾಕೆಟ್‌ನ ಗಂಟಲಿನ ಭಾಗವನ್ನು (ಹಿಡಿಗೂ ತಲೆಗೂ ನಡುವಿನ ಜಾಗ) ಮಲಗಿಸಿ. ರ‍್ಯಾಕೆಟ್ ಬೇರೆಲ್ಲೂ ತಾಗಬಾರದು.

ಮನೆಯಲ್ಲೇ ಬ್ಯಾಲೆನ್ಸ್ ಅಳೆಯುವುದು ಹೇಗೆ?

ಮೇಜಿನ ಮೇಲೆ ಒಂದು ಉರುಟಾದ ಪೆನ್ನನ್ನು ಮಲಗಿಸಿ ಅಲುಗದಂತೆ ಟೇಪ್ ಹಾಕಿ. ಅದರ ಮೇಲೆ ರ‍್ಯಾಕೆಟ್ ಅಡ್ಡ ಮಲಗಿಸಿ, ಯಾವ ಕಡೆಗೂ ವಾಲದ ಜಾಗ ಸಿಗುವವರೆಗೆ ಸರಿಸಿ, ಪೆನ್ಸಿಲ್ ಗುರುತು ಹಾಕಿ ಬುಡದಿಂದ ಅಳೆಯಿರಿ. ಮೂರು ಸಲ ಮಾಡಿ. ಮೂರೂ 2 ಮಿ.ಮೀ. ಒಳಗೆ ಬಂದರೆ ಸಾಕು.

ಇನ್ನೂ ನಿಖರ ಬೇಕಾದರೆ ತಕ್ಕಡಿಯನ್ನೇ ಬಳಸಿ. ಒಂದು ಪೆನ್ಸಿಲನ್ನು 2 ಸೆಂ.ಮೀ. ಗುರುತಿನ ಕೆಳಗೆ ಪುಸ್ತಕದ ಮೇಲಿಡಿ, ಇನ್ನೊಂದನ್ನು 62 ಸೆಂ.ಮೀ. ಗುರುತಿನ ಕೆಳಗೆ ತಕ್ಕಡಿಯ ಮೇಲಿಡಿ. ಎರಡೂ ಒಂದೇ ಎತ್ತರ ಇರಬೇಕು. ರ‍್ಯಾಕೆಟ್ ಇಡುವ ಮೊದಲೇ ತಕ್ಕಡಿ ಸೊನ್ನೆಯಾಗಿರಲಿ. ತಕ್ಕಡಿ ತೋರಿಸಿದ ಗ್ರಾಂ ಅನ್ನು 60ರಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ, 2 ಕೂಡಿಸಿ. 322 ಗ್ರಾಂ ರ‍್ಯಾಕೆಟ್‌ಗೆ ತಕ್ಕಡಿ 165.3 ತೋರಿಸಿದರೆ ಬ್ಯಾಲೆನ್ಸ್ 32.8 ಸೆಂ.ಮೀ. 1 ಗ್ರಾಂ ಲೆಕ್ಕದ ಅಡುಗೆ ತಕ್ಕಡಿಯಲ್ಲಿ ಇದನ್ನು ಮಾಡಿದರೆ ಸುಮಾರು 2 ಮಿ.ಮೀ. ಹೆಚ್ಚುಕಡಿಮೆ ಬರುತ್ತದೆ, ಅಂದರೆ ಪೆನ್ನಿನ ವಿಧಾನಕ್ಕಿಂತ ಏನೂ ಉತ್ತಮವಲ್ಲ.

ಸ್ವಿಂಗ್‌ವೇಟ್‌ಗೆ ಮೆಷಿನ್ ಬೇಡವೇ?

ಬೇಡ. ಮೊಬೈಲ್‌ನ ಸ್ಟಾಪ್‌ವಾಚ್ ಮತ್ತು ಸ್ವೆಟರ್ ಹೆಣೆಯುವ ಸ್ಟೀಲ್ ಕಡ್ಡಿ ಸಾಕು. ರ‍್ಯಾಕೆಟನ್ನು ಲೋಲಕದ ಹಾಗೆ ತೂಗಾಡಿಸಿ ಸಮಯ ಎಣಿಸುವುದು.

1. ಹಿಡಿಯ ಮೇಲೆ ಬುಡದಿಂದ 10 ಸೆಂ.ಮೀ.ಗೆ ಗುರುತು ಹಾಕಿ. ಕಡ್ಡಿಯನ್ನು ಆ ಗುರುತಿನ ಮೇಲೆ ಅಡ್ಡ ಇಟ್ಟು ಎರಡು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಿರಿ. ಕಡ್ಡಿ ಅಡ್ಡ ದಾರಗಳಿಗೆ ಸಮಾನಾಂತರವಾಗಿರಲಿ.
2. ಒಂದೇ ಎತ್ತರದ ಎರಡು ಸ್ಟೂಲ್ ಅಥವಾ ಮೇಜಿನ ಅಂಚಿನ ಮೇಲೆ ಕಡ್ಡಿಯ ಎರಡು ತುದಿ ಕೂರಿಸಿ. ರ‍್ಯಾಕೆಟ್ ತಲೆ ಕೆಳಗಾಗಿ ನಡುವೆ ತೂಗಬೇಕು.
3. ಚೆಂಡು ಹೊಡೆಯುವ ದಿಕ್ಕಿನಲ್ಲೇ, ತಲೆಯನ್ನು ಒಂದು ಗೇಣಿಗಿಂತ ಕಡಿಮೆ ಎಳೆದು ಬಿಡಿ. ಜೋರಾಗಿ ತೂಗಿದರೆ ಲೆಕ್ಕ ತಪ್ಪುತ್ತದೆ. ಫ್ಯಾನ್ ಆರಿಸಿ.
4. ಹೋಗಿ ಬಂದರೆ ಒಂದು. ಇಪ್ಪತ್ತು ಎಣಿಸಿ ಸಮಯ ನೋಡಿ, 20ರಿಂದ ಭಾಗಿಸಿ.

ಸೂತ್ರ: 24.8 × ತೂಕ ಕೆ.ಜಿ.ಯಲ್ಲಿ × (ಬ್ಯಾಲೆನ್ಸ್ − 10) × ಒಂದು ತೂಗಿನ ಸಮಯ × ಅದೇ ಸಮಯ.

ಮೇಲಿನ ರ‍್ಯಾಕೆಟ್ ಇಪ್ಪತ್ತು ತೂಗಿಗೆ 26.4 ಸೆಕೆಂಡ್ ತಗೊಂಡರೆ, ಒಂದಕ್ಕೆ 1.32. ಸ್ವಿಂಗ್‌ವೇಟ್ 24.8 × 0.322 × 22.8 × 1.32 × 1.32, ಅಂದರೆ 317. ಸ್ಟಾಪ್‌ವಾಚ್ ಒತ್ತುವಾಗ 0.1 ಸೆಕೆಂಡ್ ತಪ್ಪಿದರೆ ಉತ್ತರದಲ್ಲಿ 2–3 ವ್ಯತ್ಯಾಸ. ಐದು ಸಲ ಮಾಡಿ ಸರಾಸರಿ ತೆಗೆದರೆ ಮನೆ ಮಟ್ಟಿಗೆ ಅಡ್ಡಿಯಿಲ್ಲ. ಕಡ್ಡಿ ಜಾರಿದರೆ ಮಾತ್ರ ಎಲ್ಲ ಹಾಳು. ಪ್ರತಿ ಸಲವೂ 10 ಸೆಂ.ಮೀ. ಗುರುತನ್ನು ಮತ್ತೆ ನೋಡಿ.

ಎಲ್ಲಿ ಅಂಟಿಸಿದರೆ ಏನಾಗುತ್ತದೆ?

ಇದೇ 322 ಗ್ರಾಂ, 32.8 ಸೆಂ.ಮೀ., 317ರ ರ‍್ಯಾಕೆಟ್‌ಗೆ 4 ಗ್ರಾಂ ಸೇರಿಸೋಣ. ಒಟ್ಟು ತೂಕ ಎಲ್ಲಿ ಅಂಟಿಸಿದರೂ 326. ಮಿಕ್ಕಿದ್ದು ಮಾತ್ರ ಜಾಗದ ಮೇಲೆ ನಿಂತಿದೆ. ತಲೆಯನ್ನು ಗಡಿಯಾರ ಅಂದುಕೊಳ್ಳಿ, ತುದಿ 12 ಗಂಟೆ.

- 12 ಗಂಟೆಯಲ್ಲಿ (68 ಸೆಂ.ಮೀ.): ಬ್ಯಾಲೆನ್ಸ್ 33.2, ಸ್ವಿಂಗ್‌ವೇಟ್ 13ಕ್ಕೂ ಹೆಚ್ಚು ಏರಿಕೆ.
- 10 ಮತ್ತು 2ರಲ್ಲಿ (ಸುಮಾರು 61): ಏರಿಕೆ 10.
- 3 ಮತ್ತು 9ರಲ್ಲಿ (ಸುಮಾರು 53): ಬ್ಯಾಲೆನ್ಸ್ 33.05, ಏರಿಕೆ 7.4.
- ಗಂಟಲಿನಲ್ಲಿ (40): ಬ್ಯಾಲೆನ್ಸ್ 32.9, ಏರಿಕೆ 3.6.
- ಹಿಡಿಯ ಮೇಲ್ತುದಿಯಲ್ಲಿ (18): ಬ್ಯಾಲೆನ್ಸ್ 32.6, ಸ್ವಿಂಗ್‌ವೇಟ್ ಹೆಚ್ಚುಕಡಿಮೆ ಇದ್ದಷ್ಟೇ.
- ಬುಡದಲ್ಲಿ (1): ಬ್ಯಾಲೆನ್ಸ್ 32.4, ಸ್ವಿಂಗ್‌ವೇಟ್ ಇದ್ದಷ್ಟೇ.

ನಿಮ್ಮ ರ‍್ಯಾಕೆಟ್‌ಗೆ ನೀವೇ ಲೆಕ್ಕ ಹಾಕಬಹುದು. ಹೊಸ ಬ್ಯಾಲೆನ್ಸ್‌ಗೆ ಹಳೇ ತೂಕವನ್ನು ಹಳೇ ಬ್ಯಾಲೆನ್ಸ್‌ನಿಂದ ಗುಣಿಸಿ, ಸೇರಿಸಿದ ತೂಕವನ್ನು ಅದರ ದೂರದಿಂದ ಗುಣಿಸಿ, ಎರಡನ್ನೂ ಕೂಡಿಸಿ ಹೊಸ ತೂಕದಿಂದ ಭಾಗಿಸಿ. ಸ್ವಿಂಗ್‌ವೇಟ್ ಏರಿಕೆಗೆ ದೂರದಲ್ಲಿ 10 ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, ಗ್ರಾಂನಿಂದ ಗುಣಿಸಿ, 1000ದಿಂದ ಭಾಗಿಸಿ. ದೂರದ ವರ್ಗ ಬರುವುದರಿಂದಲೇ ತುದಿಯ ಒಂದು ಗ್ರಾಂ ಗಂಟಲಿನ ಮೂರು ಗ್ರಾಂಗಿಂತ ಜೋರು.

ಮೊದಲ ಸಲ ಮಾಡುವವರು 3 ಮತ್ತು 9ರಿಂದ ಶುರು ಮಾಡುವುದು ಒಳ್ಳೆಯದು. ಆ ಜಾಗ ಫ್ರೇಮಿನ ಉದ್ದದ ಅಕ್ಷದಿಂದ ಅತಿ ದೂರ, ಹಾಗಾಗಿ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಈ ತಡೆಯ ಅಳತೆಯಾದ ಟ್ವಿಸ್ಟ್‌ವೇಟ್ ಸಾಮಾನ್ಯವಾಗಿ 13–15ರ ಆಸುಪಾಸು ಇರುತ್ತದೆ. ಅಲ್ಲಿ ಹಾಕಿದ 4 ಗ್ರಾಂ ಅದನ್ನು 0.6ರಷ್ಟು ಏರಿಸುತ್ತದೆ, ಅಂದರೆ ಶೇಕಡಾ 4. ಸ್ವಿಂಗ್‌ವೇಟ್ ಏರುವುದು ಶೇಕಡಾ ಎರಡು ಚಿಲ್ಲರೆ ಮಾತ್ರ. ವಾಲಿ ಆಡುವ ಡಬಲ್ಸ್ ಆಟಗಾರರಿಗೆ ಇದು ಲಾಭದ ವ್ಯವಹಾರ.

12 ಗಂಟೆಯ ಜಾಗ ಬೇಸ್‌ಲೈನ್‌ನಿಂದ ಉದ್ದನೆ ಬೀಸುವವರಿಗೆ. ಹೊಡೆತದ ಒಳ್ಳೆಯ ಜಾಗ ತುದಿಯ ಕಡೆ ಸ್ವಲ್ಪ ಏರುತ್ತದೆ, ಚೆಂಡು ಭಾರವಾಗಿ ಹೋಗುತ್ತದೆ. ಆದರೆ 2 ಗ್ರಾಂ ದಾಟಿದರೆ ಹೆಚ್ಚಿನವರಿಗೆ ರ‍್ಯಾಕೆಟ್ ತಡವಾಗಿ ಬರುತ್ತದೆ. ನೆಟ್ ಹತ್ತಿರವಂತೂ ಕೈಯೇ ಏಳುವುದಿಲ್ಲ.

ಲೆಡ್ ಟೇಪ್ ಅಂಟಿಸುವ ಸರಿಯಾದ ಕ್ರಮ ಏನು?

ಅಂಟಿಸುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಲಿ. ಬೆವರು, ಕೋರ್ಟಿನ ಕೆಂಪು ಧೂಳು ಉಳಿದರೆ ಟೇಪ್ ಎರಡನೇ ದಿನವೇ ಏಳುತ್ತದೆ. ಕಾಲು ಇಂಚು ಅಗಲದ ಟೇಪ್ ಸಾಮಾನ್ಯವಾಗಿ ಒಂದು ಇಂಚಿಗೆ ಕಾಲು ಗ್ರಾಂ, ಅಂದರೆ 4 ಇಂಚಿಗೆ 1 ಗ್ರಾಂ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಹಾಗಾಗಿ ಕತ್ತರಿಸಿದ ತುಂಡನ್ನು ತೂಗಿಯೇ ಬಳಸಿ.

ತಲೆಯ ಒಳಮೈಯಲ್ಲಿ ದಾರಗಳು ಹೊರಬರುವ ಗ್ರೊಮೆಟ್ (ರಂಧ್ರದ ಪ್ಲಾಸ್ಟಿಕ್ ಕೊಳವೆ) ಸಾಲಿನ ಎರಡೂ ಪಕ್ಕ ಚಪ್ಪಟೆ ಅಂಚಿದೆ. ಒಂದು ಕಡೆ 2 ಗ್ರಾಂ ಬೇಕಿದ್ದರೆ ಸಾಲಿನ ಮೇಲೊಂದು, ಕೆಳಗೊಂದು ಎಂದು 1 ಗ್ರಾಂನ ಎರಡು ಪಟ್ಟಿ ಹಾಕಿ. ಎದುರು ಬದಿಗೂ ಅಷ್ಟೇ. ಹೀಗೆ ನಾಲ್ಕು ಪಟ್ಟಿಯಾದರೆ ಯಾವ ಮುಖದಿಂದ ಹೊಡೆದರೂ ಒಂದೇ ಹಾಗಿರುತ್ತದೆ. ಪಟ್ಟಿಯ ಮಧ್ಯಭಾಗ 3 ಗಂಟೆಯ ಗೆರೆಗೆ ಸರಿಯಾಗಿ ಬರಲಿ. ಬೆರಳುಗುರಿನಿಂದಲ್ಲ, ಚಮಚದ ಹಿಂಭಾಗದಿಂದ ಉಜ್ಜಿ. ಗ್ರೊಮೆಟ್‌ನ ಮೇಲೆ ಹತ್ತಿಸಬೇಡಿ, ದಾರ ಅಲುಗಿದಾಗಲೆಲ್ಲ ಕಿರ್ ಅನ್ನುತ್ತದೆ. ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಮುಚ್ಚಿ.

ಗಟ್ಟಿಂಗ್ ಬಿಚ್ಚಿದ ಸಮಯವಾದರೆ ಬಂಪರ್ ಗಾರ್ಡ್ (ತಲೆಯ ತುದಿಯ ಹೊರಗಿನ ರಕ್ಷಣಾ ಪಟ್ಟಿ) ಎತ್ತಿ ಅದರ ಅಡಿಗೇ ಹಾಕಬಹುದು. ನೋಡಲು ಚೆಂದ, ಏಳುವ ಭಯವಿಲ್ಲ. ಆದರೆ ಬದಲಿಸಬೇಕಾದರೆ ಮುಂದಿನ ಗಟ್ಟಿಂಗ್‌ವರೆಗೆ ಕಾಯಬೇಕು. ಆದ್ದರಿಂದ ಜಾಗ ಪಕ್ಕಾ ಆಗುವವರೆಗೆ ಹೊರಗೇ ಇರಲಿ.

ಒಂದು ಸಲಕ್ಕೆ ಒಟ್ಟು 2 ಗ್ರಾಂಗಿಂತ ಹೆಚ್ಚು ಬೇಡ, ಮುಂದಿನ 2 ಗ್ರಾಂ ಸೇರಿಸುವ ಮುನ್ನ ಮೂರು ನಾಲ್ಕು ದಿನ ಆಡಿ. ಮೊದಲ ದಿನ ಎಲ್ಲವೂ ಅದ್ಭುತವಾಗಿಯೇ ಕಾಣುತ್ತದೆ.

ಮೈಸೂರಿನಲ್ಲಿ ಲೆಡ್ ಟೇಪ್ ಸಿಗದಿದ್ದರೆ ಬದಲಿ ಏನು?

ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ. ಗಾಲ್ಫ್ ಕ್ಲಬ್‌ಗೆ ಮಾರುವ ಟೇಪೂ ಅದೇ ವಸ್ತು. ಟೈರ್ ಅಂಗಡಿಯಲ್ಲಿ ಅಲಾಯ್ ವೀಲ್ ಬ್ಯಾಲೆನ್ಸಿಂಗ್‌ಗೆ ಬಳಸುವ ಅಂಟು ತೂಕ 5 ಗ್ರಾಂನ ತುಂಡುಗಳಲ್ಲಿ ಬರುತ್ತದೆ. ಅದು ದಪ್ಪ, ತಲೆಗೆ ಹೊಂದುವುದಿಲ್ಲ. ಬಟ್ ಕ್ಯಾಪ್ ಒಳಗೆ ಇಡಲು ಚೆನ್ನಾಗಿದೆ. ಟಂಗ್‌ಸ್ಟನ್ ಟೇಪ್, ಟಂಗ್‌ಸ್ಟನ್ ಪುಟ್ಟಿ (ಕಣಕದ ಹಾಗೆ ಮೆತ್ತಗಿರುವ ತೂಕ) ಎರಡೂ ಉತ್ತಮ, ಬೆಲೆ ಮಾತ್ರ ಜಾಸ್ತಿ.

ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಸುತ್ತಿಗೆಯಿಂದ ಬಡಿದು ಪಟ್ಟಿ ಮಾಡುವವರಿದ್ದಾರೆ. ಬೇಡ. ಪುಡಿ ಕೈಗೆ, ನೆಲಕ್ಕೆ ಸಿಡಿಯುತ್ತದೆ, ದಪ್ಪವೂ ಒಂದೇ ಸಮ ಬರುವುದಿಲ್ಲ.

ಸೀಸ ವಿಷವಲ್ಲವೇ?

ಹೌದು, ವಿಷವೇ. ಮುಟ್ಟಿದ ಮಾತ್ರಕ್ಕೆ ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ. ಅಪಾಯ ಇರುವುದು ಕೈಯಿಂದ ಬಾಯಿಗೆ ಹೋಗುವಾಗ ಮತ್ತು ಪುಡಿಯನ್ನು ಉಸಿರಾಡಿದಾಗ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಟೇಪನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಬರಿಮೈ ಕಾಣದಂತೆ ಮುಚ್ಚಿ. ಅಂಗೈ ತಾಗುವ ಹಿಡಿಯ ಹೊರಮೈಗೆ ಹಾಕಲೇಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಹೆಚ್ಚು ದುಡ್ಡು ಕೊಟ್ಟು ಟಂಗ್‌ಸ್ಟನ್ ತಗೊಳ್ಳಿ; ಇದರಲ್ಲಿ ಉಳಿತಾಯದ ಲೆಕ್ಕ ಹಾಕಬಾರದು. ಮಿಕ್ಕ ತುಂಡುಗಳು ಹಸಿಕಸಕ್ಕೆ ಹೋಗಬಾರದು.

ತಲೆಗೆ ಹಾಕಿದ್ದಕ್ಕೆ ಸಮವಾಗಿ ಹಿಡಿಗೂ ಹಾಕಬೇಕೆ?

ಕಡ್ಡಾಯವಲ್ಲ. 3 ಮತ್ತು 9ರ 4 ಗ್ರಾಂನಿಂದ ಬ್ಯಾಲೆನ್ಸ್ ಸರಿದದ್ದು 2.5 ಮಿ.ಮೀ. ಅದನ್ನು 32.8ಕ್ಕೆ ವಾಪಸ್ ತರಲು ಬುಡದಲ್ಲಿ ಸುಮಾರು 2.5 ಗ್ರಾಂ ಸಾಕು. ಆದರೆ ಆ 2.5 ಗ್ರಾಂ ಸ್ವಿಂಗ್‌ವೇಟನ್ನು ಒಂದಿನಿತೂ ಇಳಿಸುವುದಿಲ್ಲ, ಏರಿದ 7.4 ಏರಿದ್ದೇ. ತಲೆಭಾರ ಆಗಿದೆ ಅಂತ ಬುಡಕ್ಕೆ ಮೇಲಿಂದ ಮೇಲೆ ಸುರಿಯುವವರು ಇದನ್ನೇ ಮರೆಯುತ್ತಾರೆ, ಕೊನೆಗೆ ಕೈಯಲ್ಲಿ 345 ಗ್ರಾಂ ಇರುತ್ತದೆ, ತೊಂದರೆ ಹಾಗೇ ಇರುತ್ತದೆ. ಎತ್ತಿ ಹಿಡಿದಾಗಿನ ಅನುಭವ, ನೆಟ್ ಹತ್ತಿರ ಸಿದ್ಧವಾಗಿ ನಿಂತಾಗಿನ ಚುರುಕು ಬೇಕಿದ್ದರೆ ಬುಡಕ್ಕೆ ಹಾಕಿ. ಬೀಸಲು ಭಾರ ಅನಿಸಿದರೆ ತಲೆಯಿಂದ ತೆಗೆಯಿರಿ.

ಬಟ್ ಕ್ಯಾಪ್ ಒಳಗೆ ತೂಕ ಇಡುವುದು ಹೇಗೆ? ಗಡಗಡ ಸದ್ದು ಬರುವುದಿಲ್ಲವೇ?

ಹಲವು ರ‍್ಯಾಕೆಟ್‌ಗಳ ಬುಡದಲ್ಲಿ ಕಂಪನಿ ಗುರುತಿನ ಚಿಕ್ಕ ಮುಚ್ಚಳ ಇರುತ್ತದೆ; ತೆಳುವಾದ ಸ್ಕ್ರೂಡ್ರೈವರ್‌ನಿಂದ ಅಂಚಿನಲ್ಲಿ ಮೀಟಿದರೆ ಬರುತ್ತದೆ. ಕೆಲವಕ್ಕೆ ಮುಚ್ಚಳವಿಲ್ಲ, ಗ್ರಿಪ್ಪನ್ನು ಒಂದಿಷ್ಟು ಬಿಚ್ಚಿ ಸ್ಟೇಪಲ್ ಪಿನ್ ಕಿತ್ತು ಇಡೀ ಕ್ಯಾಪ್ ಹೊರತೆಗೆಯಬೇಕು. ಪಿನ್ನನ್ನು ಎರಡೂ ಕಾಲು ಸಮ ಎತ್ತಿ ತೆಗೆಯಿರಿ. ಒಂದೇ ಕಡೆ ಮೀಟಿದರೆ ಹಿಡಿಯ ಫೋಮ್ ಕಿತ್ತು ಬರುತ್ತದೆ, ಆಮೇಲೆ ಪಿನ್ ಹಿಡಿಯುವುದಿಲ್ಲ. ಒಳಗೆ ಪೂರ್ತಿ ಫೋಮ್ ತುಂಬಿದ್ದರೆ ಕೊರೆಯಲು ಹೋಗಬೇಡಿ, ಹಿಡಿಯ ಮೇಲೆ ಗ್ರಿಪ್ಪಿನ ಅಡಿಯಲ್ಲಿ ಟೇಪ್ ಸುತ್ತಿ.

ತೂಗಿದ ಪುಟ್ಟಿಯನ್ನು ಉಂಡೆ ಮಾಡಿ ಒಳಗೋಡೆಗೆ ಒತ್ತಿ, ಹಿಂದೆ ಹತ್ತಿ ತುರುಕಿ. ಹತ್ತಿಯನ್ನೂ ತೂಗಿ. ಬೇಸಿಗೆಯಲ್ಲಿ ಪುಟ್ಟಿ ಮೆತ್ತಗಾಗಿ ಜಾರುತ್ತದೆ, ಗಡಗಡ ಸದ್ದಿಗೆ ಅದೇ ಕಾರಣ.

ಸಿಲಿಕಾನ್ ಸೀಲಂಟ್ ಸುರಿಯುವುದು ಒಂದು ದಾರಿ. ಒಂದು ಮಿಲಿಲೀಟರ್ ಹೆಚ್ಚುಕಡಿಮೆ ಒಂದು ಗ್ರಾಂ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆದು ಹಾಕಬಹುದು. ರ‍್ಯಾಕೆಟನ್ನು ಬುಡ ಮೇಲಾಗಿ ನಿಲ್ಲಿಸಿದರೆ ಅದು ಒಳಗಿಳಿಯುತ್ತದೆ, ಹಾಗಾಗಿ ಮೊದಲು ಒಳಗೆ ಹತ್ತಿಯ ಬಿರಡೆ ಕೂರಿಸಿ. ಗಟ್ಟಿಯಾಗಲು ಗಾಳಿಯ ತೇವ ಬೇಕು. ಮುಚ್ಚಿದ ಕೊಳವೆಯಲ್ಲಿ ಎರಡು ದಿನವಾದರೂ ಬೇಕು, ದಪ್ಪಗೆ ಹಾಕಿದರೆ ಇನ್ನೂ ಹೆಚ್ಚು. ಹೊಡೆತದ ನಡುಕ ಸ್ವಲ್ಪ ಮೆತ್ತಗಾಗುವುದು ನಿಜ. ಒಮ್ಮೆ ಹಾಕಿದ್ದನ್ನು ಪೂರ್ತಿ ತೆಗೆಯಲಾಗುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಪುಟ್ಟಿಯಲ್ಲಿ ತಿಂಗಳುಗಟ್ಟಲೆ ಆಡಿ ತೂಕ ಖಾತ್ರಿಯಾದವರಿಗೆ ಮಾತ್ರ ಇದು.

ಲೆದರ್ ಗ್ರಿಪ್ ಹಾಕಿದರೆ ಎಷ್ಟು ಬದಲಾಗುತ್ತದೆ?

ಸಿಂಥೆಟಿಕ್ ಗ್ರಿಪ್ ಸುಮಾರು 16 ಗ್ರಾಂ, ಲೆದರ್ ಸುಮಾರು 26. ಹೆಚ್ಚಾದ 10 ಗ್ರಾಂ ಇಡೀ ಹಿಡಿಯ ಉದ್ದಕ್ಕೂ ಹರಡುವುದರಿಂದ ನಮ್ಮ ಉದಾಹರಣೆಯ ರ‍್ಯಾಕೆಟ್ 32.8ರಿಂದ 32.1ಕ್ಕೆ ಇಳಿಯುತ್ತದೆ, ಎರಡು ಪಾಯಿಂಟ್ ಹಿಡಿಯ ಕಡೆಗೆ. ಸ್ವಿಂಗ್‌ವೇಟ್‌ಗೆ ಏನೂ ಆಗುವುದಿಲ್ಲ. ಟೇಪ್, ಪುಟ್ಟಿ ಯಾವ ತಲೆನೋವೂ ಇಲ್ಲದೆ ಬ್ಯಾಲೆನ್ಸ್ ಬದಲಿಸುವ ಅತಿ ಸ್ವಚ್ಛ ಉಪಾಯ ಇದು. ಹಿಡಿಯ ಅಂಚುಗಳು ಕೈಗೆ ಸ್ಪಷ್ಟವಾಗಿ ಸಿಗುತ್ತವೆ, ಆದರೆ ಮೆತ್ತೆ ಕಡಿಮೆ. ಮಳೆಗಾಲದಲ್ಲಿ ಲೆದರ್ ಒದ್ದೆಯಾಗಿ ಗಡುಸಾಗುತ್ತದೆ, ಮೇಲೊಂದು ಓವರ್‌ಗ್ರಿಪ್ ಇರಲೇಬೇಕು.

ತೂಕ ಕಡಿಮೆ ಮಾಡುವುದು ಹೇಗೆ?

ಸೇರಿಸುವಷ್ಟು ಸುಲಭವಲ್ಲ. ಫ್ರೇಮ್ ಕೆರೆಯುವುದು, ಬಂಪರ್ ಗಾರ್ಡ್ ಕಿತ್ತೆಸೆಯುವುದು ಬೇಡ. ಉಳಿಯುವ ದಾರಿ ಗಟ್ಟಿಂಗ್. 1.30 ಮಿ.ಮೀ. ಪಾಲಿಯೆಸ್ಟರ್ ಬದಲು 1.20 ಹಾಕಿದರೆ ದಾರದ ತೂಕ ಶೇಕಡಾ 15 ಇಳಿಯುತ್ತದೆ, ಸುಮಾರು 2.5 ಗ್ರಾಂ, ಸ್ವಿಂಗ್‌ವೇಟ್‌ನಲ್ಲಿ 4–5. ಅದೇ ದಪ್ಪದ ನೈಲಾನ್ ದಾರವೂ ಹೆಚ್ಚುಕಡಿಮೆ ಅಷ್ಟೇ ಇಳಿಸುತ್ತದೆ, ಏಕೆಂದರೆ ನೈಲಾನ್‌ನ ಸಾಂದ್ರತೆಯೇ ಕಡಿಮೆ. ಡ್ಯಾಂಪನರ್ ತೆಗೆದರೆ ಇನ್ನೊಂದೆರಡು. ಇದಕ್ಕಿಂತ ಹೆಚ್ಚು ಇಳಿಸಬೇಕಾದರೆ ಬೇರೆ ರ‍್ಯಾಕೆಟ್ ಕೊಳ್ಳುವುದೇ ಸರಿ. ಕೊಳ್ಳುವಾಗ ಬೇಕಿರುವುದಕ್ಕಿಂತ ಸ್ವಲ್ಪ ಹಗುರದ್ದನ್ನೇ ಆರಿಸಿ.

ಎರಡು ರ‍್ಯಾಕೆಟ್‌ಗಳನ್ನು ಒಂದೇ ಸಮ ಮಾಡುವುದು ಹೇಗೆ?

ಎರಡಕ್ಕೂ ಒಂದೇ ದಾರ, ಒಂದೇ ದಿನ ಗಟ್ಟಿಂಗ್, ಹೊಸ ಓವರ್‌ಗ್ರಿಪ್. ಬೆವರು ಕುಡಿದ ಓವರ್‌ಗ್ರಿಪ್ ಗ್ರಾಂಗಟ್ಟಲೆ ಸುಳ್ಳು ಹೇಳುತ್ತದೆ. ಆಮೇಲೆ ಹಗುರದ್ದನ್ನು ಭಾರದ್ದಕ್ಕೆ ಏರಿಸಿ.

ಒಂದು 327 ಗ್ರಾಂ, 32.5 ಸೆಂ.ಮೀ., 322, ಇನ್ನೊಂದು 321 ಗ್ರಾಂ, 32.4, 316 ಇದೆ ಅನ್ನಿ. ಮೊದಲು ಸ್ವಿಂಗ್‌ವೇಟ್ ಸರಿಮಾಡಿ: 3 ಮತ್ತು 9ರಲ್ಲಿ ಒಟ್ಟು 3 ಗ್ರಾಂ ಹಾಕಿದರೆ 5.5 ಏರುತ್ತದೆ. ಇನ್ನು ಬೇಕಿರುವ 3 ಗ್ರಾಂ ಸ್ವಿಂಗ್‌ವೇಟ್ ಅಲುಗಿಸದ ಜಾಗದಲ್ಲಿ ಹೋಗಬೇಕು. ಹಿಡಿಯ ಮೇಲ್ತುದಿ, 18 ಸೆಂ.ಮೀ. ಹತ್ತಿರ. ಫಲ: 327 ಗ್ರಾಂ, 32.46 ಸೆಂ.ಮೀ., 321.7. ಇಷ್ಟು ಹತ್ತಿರ ಬಂದರೆ ಕೈಗೆ ಬೇಧ ತಿಳಿಯುವುದಿಲ್ಲ. ಕ್ರಮ ಉಲ್ಟಾ ಮಾಡಿ ಮೊದಲು ತೂಕ, ಆಮೇಲೆ ಸ್ವಿಂಗ್‌ವೇಟ್ ಅಂತ ಹೋದರೆ ಹಾಕಿದ್ದನ್ನೇ ಕಿತ್ತು ಮತ್ತೆ ಹಾಕುತ್ತಾ ಕೂರಬೇಕಾಗುತ್ತದೆ.

ಮೊಣಕೈ ನೋವಿಗೆ ಹಗುರ ರ‍್ಯಾಕೆಟ್ ಒಳ್ಳೆಯದೇ?

ಅನೇಕ ಸಲ ತಿರುವುಮುರುವು. ತೀರಾ ಹಗುರ, ಗಡುಸು ಫ್ರೇಮು ಚೆಂಡಿನ ಪೆಟ್ಟನ್ನು ತಾನು ತಡೆಯದೆ ಕೈಗೆ ದಾಟಿಸುತ್ತದೆ. 3 ಮತ್ತು 9ರಲ್ಲಿ ಒಂದಿಷ್ಟು ತೂಕ ತಿರುಚುವಿಕೆಯನ್ನು ಇಳಿಸುತ್ತದೆ. ಆದರೂ ಮೊದಲು ನೋಡಬೇಕಾದ್ದು ದಾರ: ಗಡುಸು ಪಾಲಿಯೆಸ್ಟರ್ ಬಿಟ್ಟು ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳು ಸೇರಿದ ಮೆತ್ತನೆಯ ದಾರ) ಹಾಕಿಸಿ, ಟೆನ್ಷನ್ (ದಾರದ ಬಿಗಿ) ಮೂರು ನಾಲ್ಕು ಪೌಂಡ್ ಇಳಿಸಿ. ನೋವು ಹಾಗೇ ಉಳಿದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮಕ್ಕಳ ರ‍್ಯಾಕೆಟ್‌ಗೆ ಹಾಕಬಹುದೇ?

25, 26 ಇಂಚಿನದಕ್ಕೆ ಬೇಡ. ಮಗು ಬೆಳೆದರೆ ಉದ್ದದ ರ‍್ಯಾಕೆಟ್‌ಗೆ ಹೋಗಲಿ.

ಟೂರ್ನಿಯಲ್ಲಿ ಇದಕ್ಕೆ ಅನುಮತಿ ಇದೆಯೇ?

ಇದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಿಯಮಗಳು ತೂಕಕ್ಕೆ ಮಿತಿ ಹಾಕಿಲ್ಲ. ಉದ್ದಕ್ಕೆ 29 ಇಂಚಿನ ಮಿತಿ ಇದೆ. ಫ್ರೇಮಿಗೆ ತೂಕ ಹಂಚಲು ಅಂಟಿಸುವುದನ್ನು ನಿಯಮವೇ ಒಪ್ಪುತ್ತದೆ. ಅಮೆರಿಕದ ಮಾಜಿ ಚಾಂಪಿಯನ್ ಪೀಟ್ ಸಾಂಪ್ರಾಸ್ ಅವರ ರ‍್ಯಾಕೆಟ್‌ನ ಲೆಡ್ ಟೇಪ್ ಹೆಸರುವಾಸಿ. ಹಾಗಂತ ಅವರಷ್ಟು ಹಾಕಿಕೊಂಡರೆ ಭಾನುವಾರದ ಡಬಲ್ಸ್ ಆಡುವ ಭುಜ ತಡೆಯುವುದಿಲ್ಲ.

ಮಂಗಳೂರಿನಲ್ಲಿ ಸರಿಯಿದ್ದ ರ‍್ಯಾಕೆಟ್ ಮೈಸೂರಿನಲ್ಲಿ ಚೆಂಡನ್ನು ಹೊರಗೆ ಹಾಕುತ್ತದೆ. ತೂಕ ಬದಲಿಸಲೇ?

ಬೇಡ. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡಿನ ವೇಗ ಅಷ್ಟು ಬೇಗ ಕುಗ್ಗುವುದಿಲ್ಲ. ಎತ್ತರದ ಊರುಗಳಿಗೆಂದೇ ಇರುವ ಚೆಂಡು ಬಳಸುವುದು 1219 ಮೀಟರ್ ದಾಟಿದ ಮೇಲೆ, ಹಾಗಾಗಿ ಇಲ್ಲಿ ಮಾಮೂಲಿ ಚೆಂಡೇ. ಟೆನ್ಷನ್ ಒಂದೆರಡು ಪೌಂಡ್ ಏರಿಸಿ ನೋಡಿ.

ಅಂಟಿಸಿದ ಮೇಲೆ ಸರಿಹೋಗಲಿಲ್ಲ. ಎಲ್ಲಿ ತಪ್ಪಿರಬಹುದು?

ಮೊದಲು ನೋಡಬೇಕಾದ್ದು ಎರಡೂ ಬದಿಯ ತೂಕ ಸಮ ಇದೆಯೇ ಅಂತ. ಒಂದು ಬದಿಯ ಪಟ್ಟಿ ಅರ್ಧ ಎದ್ದು ಬಿದ್ದುಹೋಗಿರುವುದು ಗೊತ್ತೇ ಆಗಿರುವುದಿಲ್ಲ. ಎರಡನೆಯದು, ಅದೇ ವಾರ ಗಟ್ಟಿಂಗ್ ಕೂಡ ಬದಲಿಸಿದಿರಾ? ಬದಲಿಸಿದ್ದರೆ ಯಾವುದರಿಂದ ಏನಾಯಿತು ಅಂತ ಹೇಳಲು ಯಾರಿಂದಲೂ ಆಗದು. ಸರ್ವ್ ಚೆನ್ನಾಗಿದೆ ಆದರೆ ರಿಟರ್ನ್ ತಡವಾಗುತ್ತಿದೆ ಅಂದರೆ 12ರಲ್ಲಿರುವುದನ್ನು 3 ಮತ್ತು 9ಕ್ಕೆ ಇಳಿಸಿ. ಮೊದಲ ಸೆಟ್ ಚೆನ್ನಾಗಿದ್ದು ಮೂರನೆಯದರಲ್ಲಿ ಹೊಡೆತಗಳು ನೆಟ್‌ಗೆ ಬೀಳುತ್ತಿದ್ದರೆ ನಿಮ್ಮ ಮಿತಿ ದಾಟಿದೆ, ಅರ್ಧ ತೆಗೆಯಿರಿ.

ಟೇಪ್ ತೆಗೆದರೆ ಬಣ್ಣ ಕಿತ್ತು ಬರುತ್ತದೆಯೇ?

ಎಳೆದು ಕಿತ್ತರೆ ಬರಬಹುದು. ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ಅರ್ಧ ನಿಮಿಷ ಹಿಡಿದು, ಅಂಟು ಮೆತ್ತಗಾದ ಮೇಲೆ ಒಂದು ತುದಿಯಿಂದ ಫ್ರೇಮಿಗೆ ಒತ್ತಿಕೊಂಡೇ ನಿಧಾನ ಹಿಂದಕ್ಕೆ ಮಡಚುತ್ತಾ ಬನ್ನಿ. ದಾರಕ್ಕೆ ಬಿಸಿ ತಾಗಿಸಬೇಡಿ. ಸೀಸದ ಟೇಪ್ ಮಧ್ಯದಲ್ಲಿ ಹರಿಯುತ್ತದೆ, ಆತುರಪಡಬೇಡಿ. ಉಳಿದ ಅಂಟಿಗೆ ನೀಲಗಿರಿ ಎಣ್ಣೆಯ ನಾಲ್ಕು ಹನಿ ಹತ್ತಿಗೆ ಹಾಕಿ ಉಜ್ಜಿದರೆ ಉರುಳೆಯಾಗಿ ಬರುತ್ತದೆ. ಕೊನೆಗೆ ಸ್ಪಿರಿಟ್‌ನಿಂದ ಎಣ್ಣೆ ಒರೆಸಿ. ಥಿನ್ನರ್, ನೈಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಫ್ರೇಮಿನ ಬಣ್ಣವನ್ನೇ ಕರಗಿಸುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ರ‍್ಯಾಕೆಟ್ ಬಿಟ್ಟರೆ ಇದೇ ಅಂಟು ತಾನಾಗಿ ಕರಗಿ ಟೇಪ್ ಜಾರುತ್ತದೆ, ಗಟ್ಟಿಂಗ್‌ನ ಬಿಗಿಯೂ ಸಡಿಲವಾಗುತ್ತದೆ. ರ‍್ಯಾಕೆಟ್ ಚೀಲ ಮನೆಯೊಳಗೇ ಇರಲಿ.